ಕೆಟ್ಟ ಗಾಡ್ಜಿಲ್ಲಾದಲ್ಲಿ ಒಬ್ಬ ಮುದುಕ, ಒಂದು ಗಾಳ

ನಾನು ಸೀರಿಯಲ್, ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವವನು. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ "ಕಂಪ್ಯೂಟರ್‌ನಲ್ಲಿ ಹಾವು ಬಿಡ್ತಾನೆ" ಅನ್ನುತ್ತಾಳೆ. ಹೆಚ್ಚುಕಮ್ಮಿ ಸರಿಯೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕೈಗೆ ಬಂದ ಮೊದಲ ದೊಡ್ಡ ಶಾಟೂ ಹಾವಿನದೇ. ಒಂದು ಹಳ್ಳಿ ಮನೆಯ ಅಂಗಳ. ಚಾಲಿಗೆಂದು, ಅಂದರೆ ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಲೆಂದು, ಅಡಿಕೆ ಹರವಿದ್ದಾರೆ. ಜಗಲಿಯಲ್ಲಿ ಅಜ್ಜಿ ಒಬ್ಬರು ಕೂತಿದ್ದಾರೆ. ಆ ಅಂಗಳಕ್ಕೆ ನಲವತ್ತು ಅಡಿಯ ನಾಗ ಬರಬೇಕು. ಹತ್ತು ಸೆಕೆಂಡಿನ ಶಾಟ್, 250 ಫ್ರೇಮ್, ಅಂದರೆ 250 ಬಿಡಿ ಚಿತ್ರ. ನಾಲ್ಕು ದಿನ ಟೈಮ್.

ನಾನು ಹಾವಿನ ಮೇಲೆ ಜೀವ ಇಟ್ಟು ಕೂತೆ. ಒಂದೊಂದು ಹುರುಪೆಗೂ ಹೊಳಪು, ಹೆಡೆಯ ಮೇಲೆ ಕನ್ನಡಕದ ಗುರುತು, ಸೀಳುನಾಲಿಗೆ, ಎಲ್ಲಾ. ಮೊದಲ ಫ್ರೇಮಿನಿಂದ ಕೊನೆ ಫ್ರೇಮಿನ ತನಕ ಹಾವೇ ಹಾವು. ಎರಡನೇ ದಿನ ಸಂಜೆ ಎಲ್ಲರ ಮುಂದೆ ಹಾಕಿ ತೋರಿಸಿದಾಗ ಹಿಂದಿನ ಸಾಲಿನಿಂದ ಯಾರೋ "ತೋಟಕ್ಕೆ ನೀರು ಬಿಡೋ ಪೈಪ್ ಥರ ಇದೆ ಮಗಾ" ಅಂದ. ರೂಮಿಡೀ ನಕ್ಕಿತು.

ನಗದೇ ಇದ್ದವರು ನಮ್ಮ ಸೂಪರ್‌ವೈಸರ್ ಒಬ್ಬರೇ. ಮಾರನೇ ದಿನ ಊಟದ ಹೊತ್ತಿಗೆ ಕರೆದು, ತಮ್ಮ ಕಂಪ್ಯೂಟರ್‌ನಲ್ಲಿ ಒಂದು ಸಿನಿಮಾ ಹಾಕಿದರು. ರೋಲಂಡ್ ಎಮರಿಕ್ ಮಾಡಿದ 1998ರ ಗಾಡ್ಜಿಲ್ಲಾ.

"ಸರ್, ಇದು ಡಬ್ಬಾ ಪಿಕ್ಚರ್ ಅಲ್ವಾ?"

"ಡಬ್ಬಾನೇ. ಒಳ್ಳೇ ಪಿಕ್ಚರ್ ನೋಡ್ತಾ ಕೂತ್ರೆ ಕಥೆ ಎಳ್ಕೊಂಡು ಹೋಗುತ್ತೆ, ಕೆಲಸ ಕಾಣೋದೇ ಇಲ್ಲ. ಇದ್ರಲ್ಲಿ ಆ ತೊಂದ್ರೆ ಇಲ್ಲ, ನೋಡು."

ಅದು ಎಷ್ಟು ಡಬ್ಬಾ ಅನ್ನೋದನ್ನೂ ಹೇಳಿಬಿಡುತ್ತೇನೆ. ಕಟ್ಟಡದಷ್ಟು ಎತ್ತರದ ಪ್ರಾಣಿ, ಬೇಕಾದಾಗ ನ್ಯೂಯಾರ್ಕಿನ ಸುರಂಗದೊಳಗೆ ನುಸುಳಿಕೊಳ್ಳುತ್ತದೆ. ಸೈನ್ಯ ಬಂದರೆ ಓಡಿಹೋಗುತ್ತದೆ. ನಾಯಕ ನಾಯಕಿಯ ಪ್ರೇಮವನ್ನು ನೋಡುವುದಕ್ಕಿಂತ ಕಂಪ್ಯೂಟರ್ ಚಿತ್ರ ತಯಾರಿಸುವಾಗ ತೆವಳುವ ರೆಂಡರ್ ಬಾರ್ ನೋಡುತ್ತಾ ಕೂರಬಹುದು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನುವ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟೆ ಒಡೆದು ಮರಿಗಳು ಹೊರಬಂದ ಮೇಲಂತೂ ಅದು ಬೇರೆಯದೇ ಡೈನೋಸಾರ್ ಸಿನಿಮಾ. ಸಿನಿಮಾ ಮಾಡಿದವರು ತಮಗೆ ಆಗದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಹೆಸರನ್ನು ಮೇಯರ್ ಪಾತ್ರಕ್ಕಿಟ್ಟು ಗೇಲಿ ಮಾಡಿದ್ದಾರೆ. ಈಬರ್ಟ್ ಒಂದೂವರೆ ಸ್ಟಾರ್ ಕೊಟ್ಟು, ಗಾಡ್ಜಿಲ್ಲಾ ನನ್ನನ್ನು ಹುಳದಂತೆ ಹೊಸಕಿಹಾಕುತ್ತದೆ ಅಂದುಕೊಂಡಿದ್ದೆ, ಸುಲಭವಾಗಿ ಬಿಟ್ಟುಬಿಟ್ಟರು ಅನ್ನುವ ಅರ್ಥದಲ್ಲಿ ಬರೆದರು. ಜಪಾನಿನವರ ಸಿಟ್ಟು ಇನ್ನೂ ಜಾಸ್ತಿ. ಗಾಡ್ಜಿಲ್ಲಾ ಹುಟ್ಟಿದ ಟೋಹೋ ಸಂಸ್ಥೆ 2004ರ ತನ್ನ ಸಿನಿಮಾದಲ್ಲಿ ಈ ಪ್ರಾಣಿಯನ್ನು ಸಿಡ್ನಿಗೆ ಕರೆಸಿ, ಅಸಲಿ ಗಾಡ್ಜಿಲ್ಲಾ ಕೈಲಿ ಕೆಲವೇ ಸೆಕೆಂಡಿನಲ್ಲಿ ಕೊಲ್ಲಿಸಿತು.

ಇಂಥ ಸಿನಿಮಾದಲ್ಲಿ ಸರ್ ನನಗೆ ಮೊದಲು ತೋರಿಸಿದ್ದು ಒಬ್ಬ ಮುದುಕನನ್ನು.

ಮಳೆ. ನ್ಯೂಯಾರ್ಕಿನ ಒಂದು ಮರದ ಕಟ್ಟೆ, ನೀರಿನ ಒಳಗೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಮುದುಕನೊಬ್ಬ ಗಾಳ ಹಾಕುತ್ತಾನೆ. ದಾರಕ್ಕೆ ಏನೋ ಸಿಕ್ಕಿತು. ಮುದುಕನಿಗೆ ಖುಷಿ. ಆಮೇಲೆ ದಾರ ಸರ್ರನೆ ಹೋಗತೊಡಗುತ್ತದೆ, ನಿಲ್ಲುವುದೇ ಇಲ್ಲ. ಗಾಳದ ಕೋಲೇ ಹೋಯಿತು. ದೂರದಲ್ಲಿ ನೀರು ಉಬ್ಬುತ್ತದೆ. ಅಲೆಯಲ್ಲ, ಗುಡ್ಡ. ಆ ಗುಡ್ಡ ಕಟ್ಟೆಯ ಕಡೆಗೇ ಬರುತ್ತದೆ. ಮುದುಕ ತಿರುಗಿ ಓಡುತ್ತಾನೆ, ಅವನ ಬೆನ್ನ ಹಿಂದೆಯೇ ಹಲಗೆಗಳು ಎದ್ದು ಸಿಡಿಯುತ್ತಾ ಬರುತ್ತವೆ.

ಸರ್ ಅದನ್ನೇ ನಾಲ್ಕು ಸಲ ಹಾಕಿದರು. "ಪ್ರಾಣಿ ಎಲ್ಲಿದೆ?" ಅಂದರು.

ಇಲ್ಲ. ನೀರು ಉಬ್ಬಿ ಓಡಿ ಬರುವಷ್ಟು ಹೊತ್ತೂ ಪ್ರಾಣಿ ಕಾಣುವುದೇ ಇಲ್ಲ. ಕಂಡಿದ್ದು ದಾರ, ನೀರು, ಹಲಗೆ. ಮೂರೂ ಒಂದಕ್ಕಿಂತ ಒಂದು ದೊಡ್ಡವು. ಮೀನು ಸಿಕ್ಕಿತು ಅನ್ನುವ ಸಣ್ಣ ಖುಷಿಯಿಂದ ಶುರು ಮಾಡಿದ್ದಕ್ಕೇ ಆ ಗುಡ್ಡ ಅಷ್ಟು ದೊಡ್ಡದಾಗಿ ಕಾಣುತ್ತದೆ. ಇದನ್ನು ಯೋಚಿಸಿದವರು ಯಾರೋ, ಅವತ್ತು ಚೆನ್ನಾಗಿ ನಿದ್ದೆ ಮಾಡಿ ಎದ್ದು ಬಂದಿದ್ದರು!

ಇನ್ನೊಂದು ಜಾಗ ಪನಾಮಾದ್ದು. ವಿಜ್ಞಾನಿಯನ್ನು ಮಾದರಿ, ಅಂದರೆ ಸ್ಯಾಂಪಲ್, ನೋಡಲು ಕರೆತಂದಿದ್ದಾರೆ. ಎಲ್ಲಿದೆ ಮಾದರಿ ಅಂತ ಅವನು ಸುತ್ತ ನೋಡುತ್ತಾನೆ. ಅವನು ನಿಂತಿರುವ ಹಳ್ಳವೇ ಮಾದರಿ. ಕ್ಯಾಮೆರಾ ಮೇಲೇರಿದಾಗ ಅದು ಹೆಜ್ಜೆಗುರುತು ಅಂತ ಗೊತ್ತಾಗುತ್ತದೆ. ಒಂದು ಗುಂಡಿ, ಒಬ್ಬ ಮನುಷ್ಯ, ಅಷ್ಟೇ ಖರ್ಚು. ಕ್ಯಾಮೆರಾಮನ್ ಒಬ್ಬ ಪ್ರಾಣಿಯ ಕಾಲಡಿಗೆ ಸಿಕ್ಕಿ, ಬೆರಳ ಸಂದಿಯಲ್ಲಿ ಉಳಿದುಕೊಳ್ಳುವ ಜಾಗವೂ ಹಾಗೇ. ಅಲ್ಲೂ ನಮಗೆ ಕಾಣುವುದು ಪಾದ ಮಾತ್ರ.

"ಈಗ ಓಡೋದು ನೋಡು" ಅಂತ ಸರ್ ಹೆಲಿಕಾಪ್ಟರ್‌ಗಳು ಅಟ್ಟಿಸಿಕೊಂಡು ಹೋಗುವ ಭಾಗಕ್ಕೆ ಬಂದರು. ಪ್ರಾಣಿ ಬೀದಿಗಳಲ್ಲಿ ಹಲ್ಲಿಯ ಥರ ಸರಸರ ತಿರುಗುತ್ತದೆ. ಪೂರ್ತಿ ಕಂಡರೂ ಹೆದರಿಕೆಯೇ ಇಲ್ಲ. ತೂಕವೇ ಇಲ್ಲವಲ್ಲ! "ನಿನ್ನ ಹಾವಿಗೂ ಇದೇ ಕಾಯಿಲೆ."

ಆಮೇಲೆ ಒಂದು ಚೀಟಿಯ ಹಿಂದೆ ಲೆಕ್ಕ ಬರೆದು ಕೊಟ್ಟರು. ಆ ಚೀಟಿ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ. ದೊಡ್ಡದು ಬೀಳಲು, ಹೊರಳಲು ಹೆಚ್ಚು ಹೊತ್ತು ಬೇಕು. ಎಷ್ಟು ಪಟ್ಟು ದೊಡ್ಡದೋ ಅದರ ವರ್ಗಮೂಲದಷ್ಟು ಪಟ್ಟು ನಿಧಾನ. 1954ರ ಮೊದಲ ಗಾಡ್ಜಿಲ್ಲಾದಲ್ಲಿ ಐವತ್ತು ಮೀಟರ್ ಪ್ರಾಣಿಗೆ ವೇಷ ತೊಟ್ಟ ಮನುಷ್ಯ, ಊರಿಗೆ ಇಪ್ಪತ್ತೈದರಲ್ಲಿ ಒಂದು ಪಾಲಿನ ಮಾದರಿ. ಇಪ್ಪತ್ತೈದರ ವರ್ಗಮೂಲ ಐದು. ಅಂದರೆ ಸೆಕೆಂಡಿಗೆ 24ರ ಬದಲು 120 ಫ್ರೇಮ್ ಹಿಡಿದು, ಮಾಮೂಲಿ ವೇಗದಲ್ಲಿ ತೋರಿಸಿದರೆ ಲೆಕ್ಕದ ಪ್ರಕಾರ ತೂಕ ಸರಿಹೋಗುತ್ತದೆ. ನಾನು ಮಾಡಿದ್ದೇನು? ನಾಲ್ಕಡಿಯ ಹಾವನ್ನು ಹಿಗ್ಗಿಸಿ ನಲವತ್ತಡಿ ಮಾಡಿದ್ದೆ. ನಡಿಗೆ ಮಾತ್ರ ನಾಲ್ಕಡಿಯ ಹಾವಿನದೇ. ಹತ್ತರ ವರ್ಗಮೂಲ ಮೂರು ಚಿಲ್ಲರೆ. ಅಷ್ಟು ಪಟ್ಟು ನಿಧಾನ ಆಗಬೇಕಿತ್ತು.

ನಿಧಾನ ಮಾಡಿದರೆ ಹತ್ತು ಸೆಕೆಂಡಿನಲ್ಲಿ ಹಾವು ಅರ್ಧ ಅಂಗಳವನ್ನೂ ದಾಟುವುದಿಲ್ಲ. ಹಾಗಾದರೆ ಏನು ತೋರಿಸಲಿ? ಶೂಟ್ ಮಾಡಿದ ಪ್ಲೇಟನ್ನು, ಅಂದರೆ ಗ್ರಾಫಿಕ್ಸ್ ಸೇರಿಸುವ ಮುಂಚಿನ ದೃಶ್ಯವನ್ನು, ಹಾವಿಲ್ಲದೆ ಖಾಲಿ ಹಾಕಿಕೊಂಡು ನೋಡುತ್ತಾ ಕೂತೆ. ಮೂರು ದಿನದಲ್ಲಿ ಮೊದಲ ಸಲ ಅಡಿಕೆ ಕಣ್ಣಿಗೆ ಬಿತ್ತು.

ಸಿಪ್ಪೆ ಸಮೇತ ಒಣಗಲು ಹಾಕಿದ ಹಣ್ಣಡಿಕೆ, ಕೋಳಿಮೊಟ್ಟೆಯ ಗಾತ್ರ. ಕಾಲು ತಾಗಿದರೆ ಉರುಳುತ್ತದೆ. ಶಾಟನ್ನು ಹೊಸದಾಗಿ ಹೀಗೆ ಮಾಡಿದೆ: ಅಂಗಳದ ಆ ಬದಿಯಲ್ಲಿ ಒಂದು ಅಡಿಕೆ ಅಲುಗಾಡಿತು. ಆಮೇಲೆ ನಾಲ್ಕು. ಆಮೇಲೆ ಹರವಿದ ಅಡಿಕೆಯ ನಡುವೆ ದಾರಿಯೊಂದು ತಾನಾಗಿ ಸೀಳಿಕೊಳ್ಳುತ್ತಾ ಬರುತ್ತದೆ, ಅಡಿಕೆ ಎರಡೂ ಕಡೆ ಸರಿದು ದಿಬ್ಬವಾಗುತ್ತದೆ. ಆರು ಸೆಕೆಂಡ್ ಇಷ್ಟೇ. ಕೊನೆಯ ನಾಲ್ಕು ಸೆಕೆಂಡಿನಲ್ಲಿ ಹಾವಿನ ಮೈ, ಅದೂ ಒಂದು ತುಂಡು ಮಾತ್ರ. ಹೆಡೆಯೇ ಇಲ್ಲ. ಸೌಂಡ್ ಹುಡುಗ ಒಣಗಿದ ಗೋಟಡಿಕೆಯನ್ನು ತಗಡಿನ ಮೇಲೆ ಉರುಳಿಸಿ ಸದ್ದು ಹಿಡಿದು ಕೊಟ್ಟ.

ಸೀರಿಯಲ್‌ನವರು ನೋಡಿ ಕೇಳಿದ ಮೊದಲ ಮಾತು, "ಹೆಡೆ ಎಲ್ಲಿ?" ದುಡ್ಡು ಕೊಟ್ಟವರು ಅವರು, ಕೇಳುತ್ತಾರೆ. ಕೊನೆಗೆ ಕಡೆಯ ಎರಡು ಸೆಕೆಂಡಿಗೆ ಹೆಡೆ ಎತ್ತಿಸಬೇಕಾಯಿತು. ಅದು ಈಗಲೂ ಪೈಪಿನಂತೆಯೇ ಕಾಣುತ್ತದೆ, ಬೇಕಾದರೆ ಹುಡುಕಿ ನೋಡಿ. ಅಡಿಕೆಯ ಆರು ಸೆಕೆಂಡನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಆ ಎಪಿಸೋಡ್ ಬಂದ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಹಾವು ಹೇಗಿತ್ತು ಅಂತ ಕೇಳಿದೆ.

"ಹಾವು ಇರ್ಲಿ ಮಾರಾಯ, ಅಷ್ಟೂ ಅಡಿಕೆ ಮತ್ತೆ ಯಾರು ಹರವಿದ್ರು?" ಅಂದಳು.