ಸರಣಿ ನಿಂತರೂ ನಿಲ್ಲದ ಪತ್ರಿಕೆ

ಲಂಡನ್ನಿನ ಹಳೇ ಪುಸ್ತಕದಂಗಡಿಯಲ್ಲಿ ಇವತ್ತು 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ವೈಜ್ಞಾನಿಕ ಕಾಲ್ಪನಿಕ ಟಿವಿ ಸರಣಿಯ ಬಗೆಗಿನ ಪತ್ರಿಕೆಯ ಒಂದು ಕಟ್ಟು ಸಿಕ್ಕಿತು. 1979ರಲ್ಲಿ ವಾರಪತ್ರಿಕೆಯಾಗಿ ಶುರುವಾದಾಗ ಬೆಲೆ ಬರೀ 12 ಪೆನ್ಸ್. ಮೊದಲ ಸಂಚಿಕೆಯ ಜೊತೆ ಉಜ್ಜಿ ಅಂಟಿಸುವ ಚಿತ್ರಗಳನ್ನು ಪುಕ್ಕಟೆ ಕೊಟ್ಟಿದ್ದರು. ಉಜ್ಜದೆ ಹಾಗೇ ಎತ್ತಿಟ್ಟ ಮಕ್ಕಳು ಎಷ್ಟಿದ್ದಾರು, ಅಲ್ವಾ?

ನನಗೆ ಬೆರಗಾಗುವುದು ಬೇರೆ ವಿಷಯಕ್ಕೆ. 1989ರಲ್ಲಿ ಸರಣಿ ನಿಂತಿತು. ಮತ್ತೆ ಶುರುವಾಗಿದ್ದು 2005ರಲ್ಲಿ. ನಡುವೆ 1996ರ ಒಂದು ಟಿವಿ ಸಿನಿಮಾ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೂ ಪತ್ರಿಕೆ ಬರುತ್ತಲೇ ಇತ್ತು. ಟಿವಿಯಲ್ಲಿಲ್ಲದ ಕಥಾನಾಯಕ ಡಾಕ್ಟರ್ ಅದರ ಕಾಮಿಕ್ಸ್ ಪುಟಗಳಲ್ಲಿ ಸುಮ್ನೆ ಅಲೆಯುತ್ತಿದ್ದ.

ಮೂರು ಸಂಚಿಕೆ ತಂದೆ, ಮೂರೂ ಆ ಖಾಲಿ ವರ್ಷಗಳವು. ಒಂದರ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಮನೆ ನಂಬರು ಬರೆದಿದೆ. ಪೇಪರ್ ಹುಡುಗ ಹಾಕಿಹೋಗಿದ್ದಿರಬೇಕು.