ಕುರೊಸಾವಾನ ಜೊತೆ ಹಳೇಬೀಡಿಗೆ

ಸಕಲೇಶಪುರದ ನಮ್ಮ ಮಾವನಿಗೆ ಯುದ್ಧದ ಸಿನಿಮಾ ಅಂದ್ರೆ ಪ್ರಾಣ. ಹಾಸನದಲ್ಲಿ ಕಾಲೇಜು ಓದುವಾಗ ಭಾನುವಾರದ ಮಾರ್ನಿಂಗ್ ಶೋಗೆ ಬರುತ್ತಿದ್ದ ಇಂಗ್ಲಿಷ್ ಚಿತ್ರಗಳನ್ನು ನೋಡಿ ಹಿಡಿಸಿಕೊಂಡ ಹುಚ್ಚು ಅದು. ಮಾತು ಅರ್ಥವಾಗದಿದ್ದರೂ ಬಾಂಬು ಅರ್ಥವಾಗುತ್ತಿತ್ತು ಅನ್ನುತ್ತಾರೆ. ನನಗೆ ಆ ಹುಚ್ಚು ಅಂಟಿಸಿದವರೂ ಅವರೇ. ಆದರೆ ಇಬ್ಬರ ರುಚಿ ಬೇರೆ. ಅವರಿಗೆ ಕೊನೆಯಲ್ಲಿ ಏನಾದರೂ ಢಂ ಅನ್ನಬೇಕು. ನಾನು ನೋಡೋದು ನೆಲ. ಎಲ್ಲಿ ಗುಡ್ಡ, ಎಲ್ಲಿ ಹಳ್ಳ, ಶತ್ರು ಯಾವ ಕಡೆಯಿಂದ ಬರಬಹುದು, ಬಂದರೆ ಎಲ್ಲಿ ಸಿಕ್ಕಿಬೀಳುತ್ತಾನೆ. ಇದು ಗೊತ್ತಾಗದ ಚಿತ್ರಕ್ಕೆ ಎಷ್ಟು ಕೋಟಿ ಸುರಿದಿದ್ದರೂ ನನಗೆ ಸಪ್ಪೆ.

ಸೆಪ್ಟೆಂಬರಿನಲ್ಲಿ ಮಳೆ ಹೊಳವಾದ ಮೇಲೆ ಹೋಗಿದ್ದೆ. ಬೆಳಗ್ಗೆ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಮಾವನ ಹಳೇ ಜೀಪಿನಲ್ಲಿ ಹೊರಟೆವು. ಮೊದಲು ಮಂಜರಾಬಾದ್ ಕೋಟೆ. ಸಕಲೇಶಪುರ ದಾಟಿ ಮಂಗಳೂರು ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ದೋಣಿಗಾಲ್ ಹತ್ತಿರ ಗುಡ್ಡದ ಮೇಲಿದೆ. ಮೆಟ್ಟಿಲುಗಳ ಮೇಲೆ ಪಾಚಿ, ಪಕ್ಕದ ಹುಲ್ಲಲ್ಲಿ ಇಂಬಳ. ಮಾವ ಕಾಲಿಗೆ ಸುಣ್ಣ, ಹೊಗೆಸೊಪ್ಪು ಉಜ್ಜಿಕೊಂಡೇ ಜೀಪಿನಿಂದ ಇಳಿದರು. ಸಾಕ್ಸ್ ಹಾಕಿದ್ದೀನಿ ಬಿಡಿ ಮಾವ ಅಂದೆ. "ಅದಕ್ಕೆ ಸಾಕ್ಸ್ ಯಾವ ಲೆಕ್ಕ ಮಾರಾಯ" ಅಂದರು.

ಟಿಪ್ಪು ಇದನ್ನು ಕಟ್ಟಿಸಿದ್ದು 1792ರಲ್ಲಿ. ಡ್ರೋನ್ ಫೋಟೋಗಳಿಂದಾಗಿ ಇದು ಈಗ ಎಲ್ಲರಿಗೂ ಗೊತ್ತು. ಎಂಟು ಮೂಲೆಯ ನಕ್ಷತ್ರ. ಆದರೆ ನಕ್ಷತ್ರ ಮಾಡಿದ್ದು ಚಂದಕ್ಕಲ್ಲ. ಗೋಡೆಯ ಮೇಲೆ ಒಂದು ಮೂಲೆಯ ತುದಿಗೆ ಹೋಗಿ ನಿಂತು ಪಕ್ಕಕ್ಕೆ ನೋಡಿದರೆ ತಿಳಿಯುತ್ತದೆ. ನಾನು ನಿಂತ ಗೋಡೆಯ ಬುಡ ನನಗೆ ಕಾಣುವುದಿಲ್ಲ. ಪಕ್ಕದ ಮೂಲೆಯಲ್ಲಿ ನಿಂತವನಿಗೆ ಪೂರ್ತಿ ಕಾಣುತ್ತದೆ. ಅವನ ಗೋಡೆಯ ಬುಡ ನನಗೆ ಕಾಣುತ್ತದೆ. ಹೀಗೆ ಎಂಟೂ ಮೂಲೆಗಳು ಒಂದರ ಬೆನ್ನು ಒಂದು ಕಾಯುತ್ತವೆ. ಉದ್ದಕ್ಕೆ ನೇರ ಗೋಡೆ, ನಡುವೆ ದುಂಡನೆಯ ಬುರುಜು ಇದ್ದರೆ ಬುರುಜಿನ ಮುಂದೆ ಯಾರಿಗೂ ಕಾಣದ ಒಂದು ಜಾಗ ಉಳಿದೇ ಉಳಿಯುತ್ತದೆ. ಫಿರಂಗಿ ಬಂದ ಮೇಲೆ ಯುರೋಪಿನವರು ಆ ಕುರುಡು ಜಾಗ ತೆಗೆದುಹಾಕಲು ಕಂಡುಕೊಂಡ ಉಪಾಯ ಈ ಆಕಾರ. 17ನೇ ಶತಮಾನದಲ್ಲಿ ವೊಬಾನ್ ಎಂಬ ಫ್ರೆಂಚ್ ಎಂಜಿನಿಯರ್ ಇದರಲ್ಲಿ ಪಳಗಿದವನು. ಅದೇ ಲೆಕ್ಕಾಚಾರ ಫ್ರೆಂಚರ ಮೂಲಕ ನಮ್ಮ ಮಲೆನಾಡಿಗೂ ಬಂತು. ನಡುವೆ ಮೆಟ್ಟಿಲಿಳಿದು ಹೋಗುವ ಕೊಳ ಇದೆ, ಮೇಲಿಂದ ನೋಡಿದರೆ ಶಿಲುಬೆಯ ಆಕಾರ. ನೀರು ಹಸಿರುಗಟ್ಟಿತ್ತು.

ಅಲ್ಲಿ ನಿಂತು ಮಾವ 'ದಿ ಗನ್ಸ್ ಆಫ್ ನವರೋನ್' ಶುರು ಮಾಡಿದರು. 1961ರ ಚಿತ್ರ, ಗ್ರೆಗೊರಿ ಪೆಕ್ ಇದ್ದಾನಲ್ಲ ಅದು. ಬಿರುಗಾಳಿಯ ರಾತ್ರಿ ಕಡಿದಾದ ಬಂಡೆ ಹತ್ತಿ ಹೋಗಿ ಜರ್ಮನ್ನರ ದೊಡ್ಡ ಫಿರಂಗಿಗಳನ್ನು ಉಡಾಯಿಸುವ ಕಥೆ. ನವರೋನ್ ಅನ್ನೋ ದ್ವೀಪವೇ ಇಲ್ಲ, ಚಿತ್ರೀಕರಣ ನಡೆದದ್ದು ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಅಂತ ಹೇಳಿದೆ. ಅವರಿಗೆ ಅದು ಸೇರಲಿಲ್ಲ.

ನನಗೆ ಕೋಟೆ ಅಂದ್ರೆ ನೆನಪಾಗೋದು ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ 'ಲಾ ಗ್ರಾಂಡ್ ಇಲ್ಯೂಷನ್'. 1937ರದ್ದು. ಮೊದಲ ಮಹಾಯುದ್ಧದ ಕಥೆ, ಆದರೆ ರಣರಂಗವೇ ಇಲ್ಲ. ಫ್ರೆಂಚ್ ಸೈನಿಕರನ್ನು ಜರ್ಮನ್ನರು ಬೆಟ್ಟದ ಮೇಲಿನ ಒಂದು ಕೋಟೆಯಲ್ಲಿ ಸೆರೆ ಇಟ್ಟಿದ್ದಾರೆ. ಅಲ್ಸೇಸಿನ ಓ-ಕೊನಿಗ್ಸ್‌ಬುರ್ಗ್ ಎಂಬ ನಿಜವಾದ ಕೋಟೆಯಲ್ಲಿ ತೆಗೆದದ್ದು. ಇಬ್ಬರು ಹಗ್ಗ ಇಳಿಬಿಟ್ಟು ತಪ್ಪಿಸಿಕೊಳ್ಳಲಿ ಅಂತ ಒಬ್ಬ ಅಧಿಕಾರಿ ಕೋಟೆಯ ಗೋಡೆ ಹತ್ತಿ ಕೊಳಲು ಊದುತ್ತಾ ಕಾವಲುಗಾರರನ್ನೆಲ್ಲ ತನ್ನ ಕಡೆ ಸೆಳೆಯುತ್ತಾನೆ. ಅವನನ್ನು ಗುಂಡಿಟ್ಟು ಕೊಲ್ಲಬೇಕಾಗಿ ಬರುವುದು ಅವನನ್ನು ಗೆಳೆಯನ ಹಾಗೆ ಕಾಣುತ್ತಿದ್ದ ಜರ್ಮನ್ ಅಧಿಕಾರಿಗೆ. ಓಡಿಹೋದ ಇಬ್ಬರು ಕೊನೆಗೆ ಹಿಮದಲ್ಲಿ ಸ್ವಿಟ್ಜರ್ಲೆಂಡಿನ ಗಡಿ ದಾಟುತ್ತಾರೆ. ಗಡಿ ಎಲ್ಲಿದೆ ಅಂತ ಕಾಣಿಸುವುದೇ ಇಲ್ಲ, ಎಲ್ಲಾ ಒಂದೇ ಬಿಳಿ. ಹಿಂದೆ ಬಂದ ಜರ್ಮನ್ ಪಹರೆಯವರು ಮಾತ್ರ ಅವರು ದಾಟಿಬಿಟ್ಟರು ಅಂತ ಬಂದೂಕು ಇಳಿಸುತ್ತಾರೆ. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಈ ಚಿತ್ರವನ್ನು ನಿಷೇಧಿಸಿದ್ದ. ಅವನಿಗೆ ಸಿನಿಮಾ ಅರ್ಥವಾಗಿತ್ತು ಅಂತಾಯಿತು.

ಅಲ್ಲಿಂದ ರೈಲ್ವೆ ಸೇತುವೆ ನೋಡೋಣ ಅಂತ ಒಂದು ತಿರುವಿನಲ್ಲಿ ಜೀಪು ನಿಲ್ಲಿಸಿದೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಾಟಿಯಲ್ಲಿ ಇಳಿಯುವ ಈ ದಾರಿಯಲ್ಲಿ 57 ಸುರಂಗ, 109 ಸೇತುವೆ. ಮೊದಲೆಲ್ಲ ಹುಡುಗರು ಹಳಿ ಮೇಲೆ ನಡೆದೇ ಹೋಗುತ್ತಿದ್ದರು. ಈಗ ರೈಲ್ವೆಯವರು ನಿಲ್ಲಿಸಿದ್ದಾರೆ, ನಿಲ್ಲಿಸಿದ್ದೇ ಸರಿ. ದೂರದಿಂದ ಕಂಬಗಳಷ್ಟೇ ಕಂಡವು, ಮೇಲೆ ಮೋಡ.

ಸೇತುವೆ ಅಂದ ಮೇಲೆ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಬಾರದೆ ಇರುತ್ತದೆಯೇ. 1957, ನಿರ್ದೇಶಕ ಡೇವಿಡ್ ಲೀನ್, 7 ಆಸ್ಕರ್. ಜಪಾನಿಯರ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್ ನಿಕೋಲ್ಸನ್ ಶತ್ರುವಿಗಾಗಿಯೇ ಒಂದು ಗಟ್ಟಿಮುಟ್ಟಾದ ಸೇತುವೆ ಕಟ್ಟಿಕೊಡುತ್ತಾನೆ. ಕೈದಿಗಳಾದರೂ ನಾವು ಕೆಲಸ ಬಲ್ಲ ಜನ ಅಂತ ತೋರಿಸುವ ಹಠ. ಚಿತ್ರ ತೆಗೆದದ್ದು ಥಾಯ್ಲೆಂಡಿನಲ್ಲಲ್ಲ, ಶ್ರೀಲಂಕಾದ ಕಿತುಲ್‌ಗಲದಲ್ಲಿ. ಆ ಹಸಿರು, ಆ ಬೆವರು ನಮಗೆ ಪರಿಚಿತ ಅನ್ನಿಸುವುದು ಅದಕ್ಕೇ ಇರಬೇಕು. ನದಿಗೆ ಅಡ್ಡಲಾಗಿ ನಿಜವಾದ ಮರದ ಸೇತುವೆ ಕಟ್ಟಿ, ಅದರ ಮೇಲೆ ನಿಜವಾದ ರೈಲು ಬಿಟ್ಟು ಉಡಾಯಿಸಿದರು. ಮಾವ ಆ ದೃಶ್ಯವನ್ನು ಬಾಯಲ್ಲೇ ಸದ್ದು ಮಾಡಿ ತೋರಿಸಿದರು. ಪಕ್ಕದಲ್ಲಿ ಜೋಳ ಸುಡುತ್ತಿದ್ದ ಹೆಂಗಸು ಬೀಸಣಿಗೆ ನಿಲ್ಲಿಸಿ ನೋಡಿದಳು.

ಈ ಚಿತ್ರ ನನಗೂ ಇಷ್ಟವೇ. ಆದರೆ ಒಂದು ತಕರಾರಿದೆ. ಆ ಥಾಯ್ಲೆಂಡ್-ಬರ್ಮಾ ರೈಲುದಾರಿ ಸುಮಾರು 415 ಕಿಲೋಮೀಟರ್. 1942-43ರಲ್ಲಿ ಅದನ್ನು ಕಟ್ಟುವಾಗ ಮಿತ್ರರಾಷ್ಟ್ರಗಳ ಕೈದಿಗಳು ಸತ್ತದ್ದು 12 ಸಾವಿರಕ್ಕೂ ಜಾಸ್ತಿ. ಏಷ್ಯಾದ ಕೂಲಿಗಳು ಸತ್ತದ್ದು ಅದರ ಎಷ್ಟೋ ಪಟ್ಟು, ಸುಮಾರು 90 ಸಾವಿರ ಅಂತ ಅಂದಾಜು. ಅವರಲ್ಲಿ ಮಲಯಾದ ರಬ್ಬರ್ ತೋಟಗಳಿಂದ ಎಳೆದುಕೊಂಡು ಹೋದ ತಮಿಳರು ಎಷ್ಟೋ ಮಂದಿ. ಎರಡೂಮುಕ್ಕಾಲು ಗಂಟೆಯ ಸಿನಿಮಾದಲ್ಲಿ ಅವರಿಗೆ ಜಾಗವಿಲ್ಲ. ತೋಟ, ಲೈನ್ ಮನೆ, ಕೂಲಿ ಲೆಕ್ಕ ಬರೆಯುವ ರೈಟರ್, ಇವೆಲ್ಲ ನೋಡಿ ಬೆಳೆದವರಿಗೆ ಅದು ಕಾಣದೆ ಹೋಗುವುದಿಲ್ಲ. ಮಾವನಿಗೆ ಇದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಜೋಳದ ಕಾಳು ಬಿಡಿಸುತ್ತಾ ಕೂತರು. ಆಮೇಲೆ, "ಆದ್ರೂ ಸೇತುವೆ ಚೆನ್ನಾಗಿ ಬಿತ್ತು ಕಣೋ" ಅಂದರು.

ಹಳೇಬೀಡು ತಲುಪಿದಾಗ ಮಧ್ಯಾಹ್ನ ಮೂರಾಗಿತ್ತು. ಯುನೆಸ್ಕೋ ಪಟ್ಟಿಗೆ 2023ರಲ್ಲಿ ಸೇರಿದ ಮೇಲೆ ಜನ ಜಾಸ್ತಿ. ಗೈಡುಗಳು ಎಲ್ಲರನ್ನೂ ಆನೆಗಳ ಸಾಲಿನ ಹತ್ತಿರ ನಿಲ್ಲಿಸಿ, ಶಿಲಾಬಾಲಿಕೆ ತೋರಿಸಿ, ಒಳಗೆ ಕಳಿಸಿಬಿಡುತ್ತಾರೆ. ನಮಗೆ ಬೇಕಾಗಿದ್ದು ಹೊರಗೋಡೆಯಲ್ಲಿ, ಆನೆ, ಸಿಂಹ, ಕುದುರೆಗಳ ಮೇಲಿನ ಪುರಾಣ ಕಥೆಯ ಪಟ್ಟಿಕೆ. ಗೇಣುದ್ದದ ಎತ್ತರ ಅಷ್ಟೇ. ಭೀಷ್ಮ ಶರಶಯ್ಯೆಯಲ್ಲಿದ್ದಾನೆ. ರಥಗಳು, ಬಾಣಗಳು, ಬಿದ್ದವರ ಮೇಲೆ ಬಿದ್ದವರು. ಒಂದೇ ಕಡೆ ನಿಂತು ಇದನ್ನು ನೋಡಲು ಆಗುವುದಿಲ್ಲ. ಗೋಡೆ ಮೂಲೆ ಮೂಲೆಯಾಗಿ ಒಳಹೋಗಿ ಹೊರಬರುತ್ತದೆ. ನಾವು ನಡೆದಂತೆ ಯುದ್ಧ ಮುಂದಕ್ಕೆ ಸಾಗುತ್ತದೆ, ನಿಂತರೆ ನಿಲ್ಲುತ್ತದೆ.

ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ನ 'ಪಾಥ್ಸ್ ಆಫ್ ಗ್ಲೋರಿ'ಯಲ್ಲಿ, ಅದೂ 1957ರದ್ದೇ, ದಾಳಿಯ ದೃಶ್ಯ ಹೀಗೇ ಇದೆ. ಫ್ರೆಂಚ್ ಕರ್ನಲ್ ಡ್ಯಾಕ್ಸ್ ಸೀಟಿ ಊದುತ್ತಾ ಹೋಗುತ್ತಾನೆ. ಕ್ಯಾಮೆರಾ ಪಕ್ಕದಿಂದ ಅವರ ಜೊತೆಜೊತೆಗೇ ಸಾಗುತ್ತದೆ. ಗುಂಡಿಗಳಲ್ಲಿ ಇಳಿದು ಹತ್ತಿ, ಜನ ಬೀಳುತ್ತಾ ಬೀಳುತ್ತಾ ಕಡಿಮೆಯಾಗುತ್ತಾರೆ. ಶತ್ರು ಒಮ್ಮೆಯೂ ಕಾಣುವುದಿಲ್ಲ. ಅದಕ್ಕಾಗಿ ಮ್ಯೂನಿಕ್ ಹತ್ತಿರ ಒಬ್ಬ ರೈತನ ಹೊಲ ಬಾಡಿಗೆಗೆ ಹಿಡಿದು ಅಗೆದು ಹಾಳು ಮಾಡಿದ್ದರು. ಫ್ರೆಂಚ್ ಸೈನಿಕರ ವೇಷ ಹಾಕಿದವರು ಜರ್ಮನ್ ಪೊಲೀಸರು. ಸೋತ ದಾಳಿಗೆ ಹೊಣೆ ಮಾಡಿ ತಮ್ಮವರೇ ಮೂವರನ್ನು ಗುಂಡಿಟ್ಟು ಕೊಲ್ಲುವ ಕಥೆ. ಹಾಗಾಗಿ ಫ್ರಾನ್ಸಿನಲ್ಲಿ 1975ರವರೆಗೆ ತೆರೆಗೆ ಬರಲೇ ಇಲ್ಲ.

ಚಕ್ರವ್ಯೂಹದ ಕಲ್ಲನ್ನು ಮಾವನೇ ಹುಡುಕಿದರು. ಸುರುಳಿ ಸುತ್ತಿದ ಗೆರೆಗಳು, ಒಳಗೆ ಅಭಿಮನ್ಯು. ಚಿಕ್ಕದು, ಜೊತೆಯವರು ಸರಿಸಿಕೊಂಡು ಮುಂದೆ ಹೋಗಿಬಿಟ್ಟರೆ ತಪ್ಪಿಹೋಗುತ್ತದೆ. ನಾನು ಮಾತ್ರ ಅಲ್ಲೇ ಕೂತುಬಿಟ್ಟೆ. ಯಾಕಂದ್ರೆ ಇದು ಜಪಾನಿನ ನಿರ್ದೇಶಕ ಕುರೊಸಾವಾನ 'ಸೆವೆನ್ ಸಮುರಾಯ್'ನ ಯುದ್ಧತಂತ್ರ.

1954ರ ಆ ಚಿತ್ರ ಯುದ್ಧದ ಸಿನಿಮಾ ಹೌದೋ ಅಲ್ಲವೋ ಅಂತ ಕೇಳುವವರಿದ್ದಾರೆ. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಯುದ್ಧದ ಸಿನಿಮಾ ಇಲ್ಲ. ಸಮುರಾಯ್ ಅಂದ್ರೆ ಜಪಾನಿನ ಹಳೇ ಕಾಲದ ಕತ್ತಿಯೋಧ. ಏಳು ಜನ ಸಮುರಾಯ್‌ಗಳು ಬಡ ರೈತರ ಒಂದು ಹಳ್ಳಿಯನ್ನು 40 ಡಕಾಯಿತರಿಂದ ಕಾಯಬೇಕು. ಅವರ ನಾಯಕ ಕಾಂಬೆ ಮೊದಲು ಮಾಡುವ ಕೆಲಸ, ನಕ್ಷೆ ಹಿಡಿದು ಊರು ಸುತ್ತುವುದು. ಒಂದು ಕಡೆ ಬೇಲಿ ಕಟ್ಟಿಸುತ್ತಾನೆ. ಇನ್ನೊಂದು ಕಡೆ ಕೊಯ್ಲು ಮುಗಿದ ಗದ್ದೆಗೆ ನೀರು ಬಿಡಿಸುತ್ತಾನೆ. ಮತ್ತೊಂದು ಕಡೆ ಸೇತುವೆ ಕೀಳಿಸುತ್ತಾನೆ. ಹೊಳೆಯಾಚೆಗಿನ ಮೂರು ಮನೆಗಳನ್ನು ಬಿಟ್ಟುಕೊಡಬೇಕು ಅನ್ನುತ್ತಾನೆ, ಆ ಮನೆಯವರು ಸಿಟ್ಟಾಗುತ್ತಾರೆ. ಎಲ್ಲಾ ಮುಚ್ಚಿ ಕಾಡಿನ ಕಡೆಯ ದಾರಿಯನ್ನು ಮಾತ್ರ ತೆರೆದಿಡುತ್ತಾನೆ, ಬೇಕೆಂದೇ. ಕುದುರೆ ಮೇಲೆ ನುಗ್ಗಿದವರಲ್ಲಿ ಒಬ್ಬನನ್ನೋ ಇಬ್ಬರನ್ನೋ ಒಳಗೆ ಬಿಟ್ಟು, ತಕ್ಷಣ ಬಿದಿರಿನ ಈಟಿ ಹಿಡಿದ ರೈತರು ಹಿಂದಿನಿಂದ ದಾರಿ ಮುಚ್ಚುತ್ತಾರೆ. ಒಳಗೆ ಬಿದ್ದವನಿಗೆ ಹೊರಗೆ ಹೋಗುವ ದಾರಿಯಿಲ್ಲ.

ಜಯದ್ರಥ ಮಾಡಿದ್ದೂ ಅದನ್ನೇ ಅಲ್ವಾ? ಅಭಿಮನ್ಯುವನ್ನು ಒಳಗೆ ಬಿಟ್ಟ, ಹಿಂದೆ ಬಂದ ಭೀಮ, ಧರ್ಮರಾಯರನ್ನು ಬಾಗಿಲಲ್ಲೇ ತಡೆದ. ಲೆಕ್ಕ ಒಂದೇ. ಅಲ್ಲಿ ನಾವು ಬೇಲಿ ಮುಚ್ಚುವವರ ಪರ ನಿಂತು ಚಪ್ಪಾಳೆ ಹೊಡೆಯುತ್ತೇವೆ. ಇಲ್ಲಿ ಒಳಗೆ ಸಿಕ್ಕಿಕೊಂಡವನಿಗಾಗಿ ಹೊಟ್ಟೆ ಉರಿಯುತ್ತದೆ. ಕುರೊಸಾವಾನಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಕೆಸರಿನಲ್ಲಿ ಕುದುರೆಯಿಂದ ಬಿದ್ದ ಡಕಾಯಿತನನ್ನು ಊರವರೆಲ್ಲ ಮುತ್ತಿ ತಿವಿಯುವಾಗ ನೋಡಲಿಕ್ಕೆ ಹಿಂಸೆಯಾಗುತ್ತದೆ. ಇನ್ನೊಂದು, ಸಾಯುವ ನಾಲ್ವರು ಸಮುರಾಯ್‌ಗಳೂ ಗುಂಡೇಟಿಗೇ ಸಾಯುತ್ತಾರೆ. ಕತ್ತಿಗೆ ಸೋತವರು ಒಬ್ಬರೂ ಇಲ್ಲ. ಮಾವ ಅದನ್ನು ನೋಡಿದ್ದಾರೆ, ಆದರೆ ಇದನ್ನು ಗಮನಿಸಿರಲಿಲ್ಲ. ಬೆರಳು ಮಡಚಿ ನಾಲ್ವರನ್ನೂ ಎಣಿಸಿ, ಹೌದಲ್ಲೋ ಅಂದರು.

ಹೊರಡುವ ಮುಂಚೆ ಪಕ್ಕದ ಗರುಡಗಂಬ ನೋಡಿದೆವು. ಇಮ್ಮಡಿ ಬಲ್ಲಾಳನ ಮೆಯ್ಗಾವಲಿನವನಾದ ಕುವರ ಲಕ್ಷ್ಮ ದೊರೆ ಸತ್ತಾಗ ತಾನೂ ಪ್ರಾಣ ಕೊಟ್ಟ. ಅವನ ಹೆಂಡತಿಯೂ, ಜೊತೆಯವರೂ. ಕಂಬದ ಮೇಲೆ ಗಂಡಸರು ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುತ್ತಿದ್ದಾರೆ. ಮಾವ ಕೈ ಮುಗಿದರು. ನನಗೆ ಮುಗಿಯಲಾಗಲಿಲ್ಲ.

ಬೇಲೂರಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ದೇವಸ್ಥಾನಕ್ಕೆ ಹೋಗಲಿಲ್ಲ. ಕಾಫಿ ಕುಡಿದು ಮತ್ತೆ ಜೀಪು ಹತ್ತಿದೆವು. ಕುವರ ಲಕ್ಷ್ಮನೂ ಕರ್ನಲ್ ನಿಕೋಲ್ಸನ್ನೂ ಒಂದೇ ಜಾತಿ, ಒಪ್ಪಿಕೊಂಡ ಕೆಲಸ ಬಿಟ್ಟವರಲ್ಲ ಅಂತ ಮಾವ. ಹಾಗಾದರೆ ಕೊನೆಯಲ್ಲಿ ಎಲ್ಲಾ ನೋಡಿ "ಹುಚ್ಚು, ಬರೀ ಹುಚ್ಚು" ಅನ್ನುವ ಆ ವೈದ್ಯ ಯಾಕಿದ್ದಾನೆ ಆ ಸಿನಿಮಾದಲ್ಲಿ ಅಂತ ನಾನು. ಸಕಲೇಶಪುರದವರೆಗೂ ಇದೇ ಜಗಳ. ಮನೆ ಗೇಟು ತೆಗೆಯಲು ಬಂದ ಅತ್ತೆ, ಯಾರ ಹುಚ್ಚಿನ ಬಗ್ಗೆ ಇಷ್ಟು ಜೋರು ಮಾತು ಅಂತ ಕೇಳಿದರು.