ಓಟಿಪಿ ಪೆಟ್ಟಿಗೆಯ ಮುಂದೆ

ಓದು-ಬರಹದಲ್ಲಿ ತೊಡಕಾಗುವ ಡಿಸ್ಲೆಕ್ಸಿಯಾ ಇರುವ ಗೆಳತಿಯೊಬ್ಬಳು ಆನ್‌ಲೈನ್ ಅರ್ಜಿ ತುಂಬುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ನಾಲ್ಕು ಪುಟಗಳ ವಿವರಗಳನ್ನು ಅವಳು ನಿಧಾನವಾಗಿ, ಒಂದೂ ತಪ್ಪಿಲ್ಲದೆ ತುಂಬಿದಳು. ಕೊನೆಯಲ್ಲಿ ಮೊಬೈಲಿಗೆ ಬಂದ ಓಟಿಪಿಯನ್ನು ನೋಡಿ ಟೈಪ್ ಮಾಡುವಾಗ 47 ಎಂಬುದು 74 ಆಯಿತು. ಅದನ್ನು ತಿದ್ದುವಷ್ಟರಲ್ಲಿ ಸಮಯ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗಿ, ಮೊದಲ ಪುಟ ಮತ್ತೆ ತೆರೆದುಕೊಂಡಿತು. ಅವಳು ಏನೂ ಹೇಳದೆ ಲ್ಯಾಪ್‌ಟಾಪ್ ಮುಚ್ಚಿದಳು.

ಡಿಸ್ಲೆಕ್ಸಿಯಾ ಎಂಬ ಪದವನ್ನು 1880ರ ದಶಕದಲ್ಲಿ ಬಳಕೆಗೆ ತಂದವರು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್. ಇದು ಕಣ್ಣಿನ ದೋಷವೆಂಬ ನಂಬಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಬಹಳಷ್ಟು ಜನರಲ್ಲಿ ಮೂಲ ತೊಡಕಿರುವುದು ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಹೊಂದಿಸುವುದರಲ್ಲಿ. ಅಂಕಿ, ಅಕ್ಷರಗಳ ಸಾಲನ್ನು ಕ್ಷಣಕಾಲ ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳುವುದೂ ಹಲವರಿಗೆ ಕಷ್ಟ. ಇದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ.

ಹೀಗಿರುವಾಗ, ಸೇವೆಗಳನ್ನು ರೂಪಿಸುವವರು ವಿಶೇಷ ಫಾಂಟ್ ಒಂದನ್ನು ಅಳವಡಿಸಿ ಕೆಲಸ ಮುಗಿಯಿತೆಂದು ಭಾವಿಸುವುದು ನನಗೆ ಬೇಸರ ತರುತ್ತದೆ. ಅಂತಹ ಫಾಂಟುಗಳಿಂದ ಓದು ಸುಧಾರಿಸುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅಕ್ಷರ ಮತ್ತು ಸಾಲುಗಳ ನಡುವೆ ಧಾರಾಳ ಜಾಗ, ಎಡಕ್ಕೆ ಮಾತ್ರ ಹೊಂದಿಸಿದ ಪಠ್ಯ, ಚಿಕ್ಕ ವಾಕ್ಯಗಳು ಇವೆಲ್ಲ ಖಂಡಿತ ಬೇಕು. ಆದರೂ ನನ್ನ ಗೆಳತಿಯನ್ನು ತಡೆದದ್ದು ಓದಲ್ಲ, ನೋಡಿ ನಕಲು ಮಾಡಬೇಕೆಂಬ ಷರತ್ತು ಮತ್ತು ಓಡುತ್ತಿದ್ದ ಗಡಿಯಾರ.

ಜಾಲತಾಣಗಳ ಸುಗಮ್ಯತೆಗೆ, ಅಂದರೆ ತೊಡಕುಗಳಿರುವವರೂ ಅವನ್ನು ಬಳಸುವಂತಾಗಲು, ಜಗತ್ತಿನಾದ್ಯಂತ ಅನುಸರಿಸುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 2.2ನೇ ಆವೃತ್ತಿ 2023ರಲ್ಲಿ ಬಂದಾಗ ಈ ಷರತ್ತನ್ನೇ ಪ್ರಶ್ನಿಸಿತು: ನೆನಪಿನ ಶಕ್ತಿ ಅಥವಾ ನಕಲು ಮಾಡುವ ಸಾಮರ್ಥ್ಯದ ಪರೀಕ್ಷೆಯೊಂದೇ ಲಾಗಿನ್‌ಗೆ ದಾರಿಯಾಗಿರಕೂಡದು. ಪಾಸ್‌ವರ್ಡ್ ಅಥವಾ ಓಟಿಪಿಯನ್ನು ಪೇಸ್ಟ್ ಮಾಡಲು ಬಿಟ್ಟರೂ ದೊಡ್ಡ ಅಡ್ಡಿಯೊಂದು ಸರಿಯುತ್ತದೆ. ಆದರೂ ಎಷ್ಟೋ ಕಡೆ ಸುರಕ್ಷತೆಯ ಹೆಸರಿನಲ್ಲಿ ಪೇಸ್ಟ್ ಮಾಡುವುದನ್ನೇ ತಡೆದಿರುತ್ತಾರೆ. ಇದರಿಂದ ಪಾಸ್‌ವರ್ಡ್‌ಗಳನ್ನು ನಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್‌ಗಳೂ ಕೆಲಸಕ್ಕೆ ಬಾರದೆ, ಜನ ಸುಲಭಕ್ಕೆ ಊಹಿಸಬಹುದಾದ ಚಿಕ್ಕ ಪಾಸ್‌ವರ್ಡ್‌ಗಳ ಮೊರೆ ಹೋಗುತ್ತಾರೆ.

ಆ ಅರ್ಜಿಯಲ್ಲಿ ಏನು ಬದಲಾಗಬೇಕೆಂದು ಮರುದಿನ ಅವಳನ್ನೇ ಕೇಳಿದೆ. ದೊಡ್ಡ ಅಕ್ಷರ, ಬಣ್ಣ ಯಾವುದನ್ನೂ ಅವಳು ಕೇಳಲಿಲ್ಲ. “ನಾನು ತುಂಬಿದ್ದನ್ನು ಉಳಿಸಿಕೊಂಡಿರಲಿ, ಓಟಿಪಿಯನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ” ಎಂದಳು.